ಚಿತ್ರವೂ ವಾದಿಸಬಲ್ಲುದೇ?

ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ, ಭೀಮಾ ನದಿಯ ದಂಡೆಯ ಮೇಲೆ, ಕನಗನಹಳ್ಳಿ ಎಂಬ ಸ್ಥಳವಿದೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯು 1994ರಿಂದ ಕೆಲವು ವರ್ಷಗಳ ಕಾಲ ಇಲ್ಲಿ ಉತ್ಖನನ ನಡೆಸಿ ಒಂದು ಬೃಹತ್ ಬೌದ್ಧ ಸ್ತೂಪದ ಅವಶೇಷಗಳನ್ನು ಬೆಳಕಿಗೆ ತಂದಿತು. ಸ್ತೂಪದ ಮೈಗೆ ಹೊದಿಸಿದ್ದ ಸುಣ್ಣಕಲ್ಲಿನ ದೊಡ್ಡ ದೊಡ್ಡ ಫಲಕಗಳು ಮುರಿದು ಸುತ್ತಲೂ ಬಿದ್ದಿದ್ದವು. ಅವುಗಳಲ್ಲಿ ಒಂದು ಫಲಕದ ಮೇಲೆ ಒಬ್ಬ ಅರಸನಿದ್ದಾನೆ. ಜೊತೆಯಲ್ಲಿ ರಾಣಿ ಇದ್ದಾಳೆ; ಛತ್ರ, ಚಾಮರ ಹಿಡಿದ ಪರಿಚಾರಿಕೆಯರಿದ್ದಾರೆ. ಕಲ್ಲಿನ ಮೇಲೆ ಬ್ರಾಹ್ಮೀ ಲಿಪಿಯಲ್ಲಿ ಎರಡೇ ಪದಗಳು: 'ರಾಯ ಅಸೋಕೋ'. ಅಂದರೆ ಅಶೋಕ ಮಹಾರಾಜ.

ಈಗ ಒಂದು ಪ್ರಶ್ನೆ. ಆ ಎರಡು ಪದಗಳು ಸವೆದುಹೋಗಿದ್ದರೆ ನಾವು ಏನು ಹೇಳಬಹುದಿತ್ತು? ಇವನು ಅರಸ ಎಂದು ಖಂಡಿತ ಹೇಳಬಹುದಿತ್ತು. ಯಾವ ಅರಸ ಎಂದು ಹೇಳಲಾಗುತ್ತಿರಲಿಲ್ಲ. ಮೊದಲನೆಯ ಸಂಗತಿಯನ್ನು ಚಿತ್ರವೇ ತಿಳಿಸಿತು, ಎರಡನೆಯದನ್ನು ಅಕ್ಷರಗಳು ತಿಳಿಸಿದವು ಎಂದು ನಾವು ಸುಲಭವಾಗಿ ಅಂದುಬಿಡುತ್ತೇವೆ. ಆದರೆ 'ಇವನು ಅರಸ' ಎಂಬುದನ್ನು ನಿಜವಾಗಿಯೂ ಚಿತ್ರ ತಿಳಿಸಿತೇ? ಕಲ್ಲಿನಲ್ಲಿ ಇರುವುದು ಒಂದು ಛತ್ರ, ಒಂದು ಚಾಮರ, ಆಭರಣ ತೊಟ್ಟ ಒಬ್ಬ ಮನುಷ್ಯ, ಅಷ್ಟೇ. 'ಛತ್ರ ಚಾಮರಗಳು ಅರಸನಿಗೆ ಸಲ್ಲುವ ಮರ್ಯಾದೆ' ಎಂಬುದು ಕಲ್ಲಿನ ಮೇಲೆ ಎಲ್ಲಿಯೂ ಇಲ್ಲ. ಅದು ನೋಡುವವರ ತಲೆಯಲ್ಲಿದೆ.

ನ್ಯಾಯದರ್ಶನವನ್ನು ಬಲ್ಲವರಿಗೆ ಇದು ಪರಿಚಿತ ಸಂಗತಿ. ದೂರದ ಬೆಟ್ಟದ ಮೇಲೆ ಹೊಗೆ ಕಾಣುತ್ತದೆ. ಅಲ್ಲಿ ಬೆಂಕಿ ಇದೆ ಎನ್ನುತ್ತೇವೆ. ಕಂಡದ್ದು ಹೊಗೆ, ಅದು ಹೇತು. ಸಾಧಿಸಿದ್ದು ಬೆಂಕಿ, ಅದು ಸಾಧ್ಯ. ಎರಡನ್ನೂ ಕೂಡಿಸುವುದು 'ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ' ಎಂಬ ನಿಯಮ. ಇದಕ್ಕೆ ವ್ಯಾಪ್ತಿ ಎಂದು ಹೆಸರು. ವ್ಯಾಪ್ತಿ ಕಣ್ಣಿಗೆ ಕಾಣುವ ವಸ್ತುವಲ್ಲ. ಅದು ದೃಢವಾಗಿದ್ದರೆ ಅನುಮಾನ ನಿಲ್ಲುತ್ತದೆ, ಸಡಿಲವಾಗಿದ್ದರೆ ಬೀಳುತ್ತದೆ. ಚಿತ್ರಗಳು ವಾದ ಮಾಡುವ ಬಗೆಯೂ ಇದೇ. ಚಿತ್ರ ಹೇತುವನ್ನು ಮಾತ್ರ ಮುಂದಿಡುತ್ತದೆ. ವ್ಯಾಪ್ತಿಯನ್ನು ನಾವೇ ಒದಗಿಸಿಕೊಂಡು, ತೀರ್ಮಾನವನ್ನೂ ನಾವೇ ಮಾಡಿ, 'ಚಿತ್ರದಲ್ಲೇ ಕಾಣುತ್ತದಲ್ಲ' ಎಂದುಬಿಡುತ್ತೇವೆ. ಚಿತ್ರದ ಬಲವೂ ಅಪಾಯವೂ ಇರುವುದು ಇಲ್ಲಿಯೇ.

ಕನಗನಹಳ್ಳಿಯ ಫಲಕವನ್ನು ಪತ್ರಿಕೆಗಳು 'ಅಶೋಕನ ಭಾವಚಿತ್ರ' ಎಂದು ಕರೆದದ್ದುಂಟು. ಇಲ್ಲಿ ವ್ಯಾಪ್ತಿ ಜಾರಿದೆ. ಹೆಸರು ಬರೆದ ಚಿತ್ರವೆಲ್ಲ ಆ ವ್ಯಕ್ತಿಯ ಮುಖದ ಪ್ರತಿ ಎಂಬುದು ನಮ್ಮ ಫೋಟೋ ಕಾಲದ ನಂಬಿಕೆ. ಅಶೋಕ ಆಳಿದ್ದು ಕ್ರಿ.ಪೂ. 268ರಿಂದ 232ರವರೆಗೆ, ಸುಮಾರಾಗಿ. ಫಲಕ ಕೆತ್ತಿದ್ದು ಶಾತವಾಹನರ ಕಾಲದಲ್ಲಿ, ಅಶೋಕ ತೀರಿಕೊಂಡು ಎಷ್ಟೋ ತಲೆಮಾರು ಕಳೆದ ಮೇಲೆ. ಶಿಲ್ಪಿ ಅವನ ಮುಖ ಕಂಡವನಲ್ಲ. ಹಾಗಾದರೆ ಆ ಫಲಕ ಏನನ್ನು ಸಾಧಿಸಲು ಹೊರಟಿದೆ? ಅದರ ನೆರೆಯ ಫಲಕಗಳನ್ನು ನೋಡಬೇಕು. ಒಂದರಲ್ಲಿ ಶಾತಕರ್ಣಿ ಎಂಬ ಅರಸ ಮಹಾಚೈತ್ಯಕ್ಕೆ ಬೆಳ್ಳಿಯ ತಾವರೆಗಳನ್ನು ಅರ್ಪಿಸುತ್ತಿದ್ದಾನೆ. ಇನ್ನೊಂದರಲ್ಲಿ ಪುಳುಮಾವಿ ಉಜ್ಜಯಿನಿಯನ್ನು ಇನ್ನೊಬ್ಬ ಅರಸನಿಗೆ ಬಿಟ್ಟುಕೊಡುತ್ತಿದ್ದಾನೆ. ಎರಡಕ್ಕೂ ಕೆತ್ತಿದ ಶೀರ್ಷಿಕೆಗಳಿವೆ. ಅಶೋಕನನ್ನೂ ಶಾತವಾಹನ ಅರಸರನ್ನೂ ಒಂದೇ ಸ್ತೂಪದ ಮೈಮೇಲೆ ನಿಲ್ಲಿಸಿದಾಗ 'ಅವನಂತೆಯೇ ಇವರೂ' ಎಂಬ ಮಾತು ಹೊರಡುತ್ತದೆ. ಆ ಮಾತನ್ನು ಯಾರೂ ಬರೆದಿಲ್ಲ, ಸ್ಥಾನವೇ ಹೇಳುತ್ತದೆ. ಇದು ನನ್ನ ಓದು. ಇತಿಹಾಸದವರು ಇದನ್ನು ಒಪ್ಪದಿದ್ದರೆ ಅವರು ತೋರಿಸಬೇಕಾದದ್ದು ಬೇರೆ ವ್ಯಾಪ್ತಿಯನ್ನು, ಬೇರೆ ಚಿತ್ರವನ್ನಲ್ಲ.

ವಿದ್ವಾಂಸರ ಜಗಳ

ಚಿತ್ರವು ವಾದವಾಗಬಲ್ಲುದೇ ಎಂಬ ಪ್ರಶ್ನೆಯನ್ನೇ ವಿಷಯವಾಗಿಟ್ಟುಕೊಂಡ ಅಧ್ಯಯನ ತೀರ ಹಳೆಯದಲ್ಲ. ಫ್ರಾನ್ಸಿನ ರೋಲಾಂ ಬಾರ್ತ್ 1964ರಲ್ಲಿ ಒಂದು ಪಾಸ್ತಾ ಜಾಹೀರಾತನ್ನು ಎದುರಿಗಿಟ್ಟುಕೊಂಡು, ತರಕಾರಿ ಮತ್ತು ಬಣ್ಣಗಳ ಜೋಡಣೆಯಿಂದಲೇ ಅದು 'ಇಟಲಿಯತನ'ವನ್ನು ಹೇಗೆ ಮಾರುತ್ತದೆ ಎಂದು ಬಿಡಿಸಿ ತೋರಿಸಿದರು. ತರ್ಕ ಮತ್ತು ವಾದಶಾಸ್ತ್ರದ ಪಂಡಿತರು ಇದರತ್ತ ಗಂಭೀರವಾಗಿ ತಿರುಗಿದ್ದು 1996ರಲ್ಲಿ. ಆ ವರ್ಷ ಡೇವಿಡ್ ಬರ್ಡ್‌ಸೆಲ್ ಮತ್ತು ಲಿಯೋ ಗ್ರೋರ್ಕ್ ಎಂಬಿಬ್ಬರು ಅಮೆರಿಕದ ಒಂದು ವಿದ್ವತ್ ಪತ್ರಿಕೆಯಲ್ಲಿ 'ದೃಶ್ಯವಾದ' ಎಂಬ ವಿಷಯಕ್ಕೆಂದೇ ಲೇಖನಗಳನ್ನು ಕೂಡಿಸಿ ಸಂಪಾದಿಸಿದರು.

ಅದರಲ್ಲಿಯೇ ವಿರೋಧದ ದನಿಯೂ ಇತ್ತು. ಡೇವಿಡ್ ಫ್ಲೆಮಿಂಗ್ ಎತ್ತಿದ ಆಕ್ಷೇಪ ಹೀಗಿದೆ: ವಾದದಲ್ಲಿ ಎರಡು ಭಾಗಗಳಿರಬೇಕು, ಒಂದು ಪ್ರತಿಜ್ಞೆ, ಇನ್ನೊಂದು ಅದಕ್ಕೆ ಕಾರಣ. ಚಿತ್ರದಲ್ಲಿ ಇದು ಪ್ರತಿಜ್ಞೆ, ಇದು ಕಾರಣ ಎಂದು ಗೆರೆ ಎಳೆಯಲಾಗದು. ಮೇಲಾಗಿ ಚಿತ್ರವನ್ನು ಅಲ್ಲಗಳೆಯುವುದು ಹೇಗೆ? 'ಮಳೆ ಬರುತ್ತಿದೆ' ಎಂಬ ವಾಕ್ಯಕ್ಕೆ 'ಮಳೆ ಬರುತ್ತಿಲ್ಲ' ಎಂಬ ಎದುರು ವಾಕ್ಯವಿದೆ. ಮಳೆಯ ಚಿತ್ರಕ್ಕೆ ಎದುರು ಚಿತ್ರ ಯಾವುದು? ಆದ್ದರಿಂದ ಚಿತ್ರ ವಾದಕ್ಕೆ ಸಾಕ್ಷಿ ಒದಗಿಸಬಹುದು, ತಾನೇ ವಾದವಾಗಲಾರದು. ಆಂತೋನಿ ಬ್ಲೇರ್ ನಡುವಿನ ದಾರಿ ಹಿಡಿದರು: ದೃಶ್ಯವಾದಗಳು ಇವೆ, ಆದರೆ ಅವನ್ನು ವಾಕ್ಯಗಳಾಗಿ ಬಿಡಿಸಿ ಹೇಳಲು ಬರಬೇಕು, ಹಾಗೆ ಹೇಳಲು ಬಾರದೆ ಕೇವಲ ಮನಸ್ಸನ್ನು ಸೆಳೆಯುವ ಚಿತ್ರ ಪ್ರಚಾರವಾದೀತೇ ಹೊರತು ವಾದವಲ್ಲ. ಬರ್ಡ್‌ಸೆಲ್ ಮತ್ತು ಗ್ರೋರ್ಕ್ ಹೇಳಿದ್ದು, ಸಂದರ್ಭದಿಂದ ಕಿತ್ತರೆ ವಾಕ್ಯವೂ ಅಸ್ಪಷ್ಟವೇ, ಚಿತ್ರಕ್ಕೆ ಮಾತ್ರ ಆ ದೋಷ ಹೊರಿಸುವುದು ತಪ್ಪು ಎಂದು.

'ಅಲ್ಲ' ಎನ್ನಲು ಚಿತ್ರಕ್ಕೆ ಬರುವುದಿಲ್ಲ ಎಂಬ ಮಾತನ್ನು ಪೂರ್ತಿ ಒಪ್ಪಬೇಕಾಗಿಲ್ಲ. ಆಸ್ಪತ್ರೆಯ ಎದುರಿನ ರಸ್ತೆ ಫಲಕದಲ್ಲಿ ಹಾರ್ನಿನ ಮೇಲೆ ಎಳೆದ ಕೆಂಪು ಅಡ್ಡಗೆರೆ 'ಅಲ್ಲ' ಎನ್ನುವ ಗುರುತೇ ಆಗಿದೆ. ಆದರೆ ಆ ಗೆರೆಯ ಅರ್ಥ ಮೊದಲೇ ಗೊತ್ತಿರಬೇಕು. ಗೊತ್ತಿಲ್ಲದವನಿಗೆ ಅದು ಹಾರ್ನಿನ ಮೇಲೆ ಬಿದ್ದ ಒಂದು ಕೋಲು. ಇಲ್ಲಿಯೂ ಕೀಲಿ ಇರುವುದು ಚಿತ್ರದ ಹೊರಗೆ.

ಬ್ಲೇರ್ ಒಡ್ಡುವ ಪರೀಕ್ಷೆ ವಿಜ್ಞಾನದ ಶಿಕ್ಷಕರಿಗೆ ಬಹಳ ಉಪಯುಕ್ತವೆಂದು ನನ್ನ ಅಭಿಪ್ರಾಯ. ಕಪ್ಪುಹಲಗೆಯ ಮೇಲಿನ ಯಾವುದೇ ಚಿತ್ರವನ್ನು ವಾಕ್ಯಗಳಾಗಿ ಬಿಡಿಸಿ ನೋಡಬೇಕು. ಹಾಗೆ ಮಾಡಿದಾಗ ಚಿತ್ರದಲ್ಲಿ ಇಲ್ಲದ ಒಂದು ವಾಕ್ಯ ಯಾವಾಗಲೂ ಬೇಕಾಗುತ್ತದೆ. ಅದನ್ನು ಹುಡುಕುವುದೇ ಕೆಲಸ.

ಬರಿದಾದ ಆಸನ

ಕನಗನಹಳ್ಳಿಗೆ ಇನ್ನೊಮ್ಮೆ ಹೋಗೋಣ. ಅಲ್ಲಿಯ ಹಲವು ಫಲಕಗಳಲ್ಲಿ ಜನ ಕೈಮುಗಿದು ನಿಂತಿದ್ದಾರೆ, ಬೋಧಿವೃಕ್ಷವಿದೆ, ಅದರ ಕೆಳಗೆ ಆಸನವಿದೆ, ಆಸನದ ಮೇಲೆ ಯಾರೂ ಇಲ್ಲ. ಸಾಂಚಿ, ಭಾರಹುತ್, ಅಮರಾವತಿಗಳಲ್ಲೂ ಹೀಗೆಯೇ. ಎಲ್ಲೋ ಎರಡು ಪಾದದ ಗುರುತುಗಳಿರುತ್ತವೆ, ಎಲ್ಲೋ ಒಂದು ಚಕ್ರ.

ಫ್ರೆಂಚ್ ವಿದ್ವಾಂಸ ಆಲ್ಫ್ರೆಡ್ ಫೂಷೆ ಮೊದಲಾದವರು 20ನೆಯ ಶತಮಾನದ ಆರಂಭದಲ್ಲಿ ಇದಕ್ಕೆ ಕೊಟ್ಟ ವಿವರಣೆ ಬಹುಕಾಲ ಪಠ್ಯಪುಸ್ತಕಗಳಲ್ಲಿ ಉಳಿಯಿತು. ಆ ಕಾಲದಲ್ಲಿ ಬುದ್ಧನನ್ನು ಮನುಷ್ಯರೂಪದಲ್ಲಿ ತೋರಿಸುತ್ತಿರಲಿಲ್ಲ. ಖಾಲಿ ಆಸನವೆಂದರೆ ಅಲ್ಲಿ ಬುದ್ಧ ಕುಳಿತಿದ್ದಾನೆ ಎಂದೇ ತಿಳಿಯಬೇಕು. 1990ರಲ್ಲಿ ಸೂಸನ್ ಹಂಟಿಂಗ್ಟನ್ ಇದನ್ನು ತಿರುಗಿಸಿ ಕೇಳಿದರು. ಆಸನ ಖಾಲಿ ಇದ್ದರೆ ಖಾಲಿ ಇದೆ ಎಂದೇ ಏಕೆ ತಿಳಿಯಬಾರದು? ಈ ಫಲಕಗಳಲ್ಲಿ ಅನೇಕವು ಬುದ್ಧನ ಜೀವನದ ಪ್ರಸಂಗಗಳಲ್ಲ. ಅವನು ತೀರಿಕೊಂಡ ಮೇಲೆ ಭಕ್ತರು ಪುಣ್ಯಕ್ಷೇತ್ರಗಳಿಗೆ ಹೋಗಿ ಅಲ್ಲಿಯ ಮರವನ್ನೂ ಆಸನವನ್ನೂ ಪೂಜಿಸುತ್ತಿರುವ ದೃಶ್ಯಗಳು. ಹಾಗಾದರೆ ಚಿತ್ರದಲ್ಲಿ ಯಾರೂ 'ಇಲ್ಲವಾಗಿಲ್ಲ'. ಮರುವರ್ಷ ವಿದ್ಯಾ ದೆಹೇಜಿಯಾ ಉತ್ತರ ಬರೆದರು: ಒಂದೇ ಲಾಂಛನ ವ್ಯಕ್ತಿಯನ್ನೂ ಸ್ಥಳವನ್ನೂ ಗುಣವನ್ನೂ ಸೂಚಿಸಬಲ್ಲುದು, ಸಂದರ್ಭ ನೋಡಿಯೇ ನಿರ್ಧರಿಸಬೇಕು, ಎಲ್ಲಕ್ಕೂ ಒಂದೇ ಬೀಗದಕೈ ಇಲ್ಲ.

ಗಮನಿಸಿ, ಮೂವರೂ ನೋಡಿದ್ದು ಅದೇ ಕಲ್ಲುಗಳನ್ನು. ಅಳತೆಯಲ್ಲಿ, ಗೆರೆಯಲ್ಲಿ, ವಿವರದಲ್ಲಿ ಭಿನ್ನಾಭಿಪ್ರಾಯವಿಲ್ಲ. ಭಿನ್ನವಾದದ್ದು ಬರೆಯದ ವಾಕ್ಯ ಮಾತ್ರ. ಒಬ್ಬರಿಗೆ 'ಖಾಲಿ ಎಂದರೆ ಬುದ್ಧ', ಇನ್ನೊಬ್ಬರಿಗೆ 'ಖಾಲಿ ಎಂದರೆ ಖಾಲಿ'.

ಇದನ್ನು ತೀರ್ಮಾನಿಸುವ ದಾರಿ ಇಲ್ಲವೇ? ಸ್ವಲ್ಪ ಮಟ್ಟಿಗೆ ಇದೆ. ಭಾರಹುತ್‌ನಲ್ಲಿ, 1873ರಲ್ಲಿ ಕನಿಂಗ್‌ಹ್ಯಾಮ್ ಕಂಡುಹಿಡಿದ ಸ್ತೂಪದಲ್ಲಿ, ಒಬ್ಬ ಅರಸ ಆಸನದ ಮುಂದೆ ಮಂಡಿಯೂರಿರುವ ಫಲಕವಿದೆ. ಅಲ್ಲಿ ಬುದ್ಧನ ಆಕೃತಿ ಇಲ್ಲ, ಪಾದದ ಗುರುತುಗಳಿವೆ. ಶೀರ್ಷಿಕೆ ಮಾತ್ರ ಅಜಾತಶತ್ರು ಭಗವಂತನಿಗೆ ವಂದಿಸುತ್ತಿದ್ದಾನೆ ಎನ್ನುತ್ತದೆ. 'ಭಗವಂತನ ಆಸನಕ್ಕೆ' ಎಂದಿಲ್ಲ. ಕನಿಷ್ಠ ಆ ಒಂದು ಫಲಕದಲ್ಲಿ ಹಳೆಯ ವಿವರಣೆಯೇ ನಿಲ್ಲುತ್ತದೆ ಎಂದು ನನಗೆ ತೋರುತ್ತದೆ. ಆದರೆ ಒಂದು ಫಲಕದ ಶೀರ್ಷಿಕೆಯನ್ನು ಉಳಿದೆಲ್ಲ ಫಲಕಗಳಿಗೆ ಅಂಟಿಸುವ ಅಧಿಕಾರ ನಮಗಿಲ್ಲ. ಕನಗನಹಳ್ಳಿಯ ಶಾಸನಗಳನ್ನು ಮೈಕೋ ನಾಕಾನಿಶಿ ಮತ್ತು ಓಸ್ಕರ್ ಫೊನ್ ಹಿನ್ಯೂಬರ್ 2014ರಲ್ಲಿ ಪ್ರಕಟಿಸಿದರು. ಗುಮ್ಮಟವನ್ನು ಮುಚ್ಚಿದ್ದ 60 ಬೃಹತ್ ಫಲಕಗಳನ್ನು ಮೋನಿಕಾ ಝಿನ್ 2018ರ ಪುಸ್ತಕದಲ್ಲಿ ಒಂದೊಂದಾಗಿ ವಿಶ್ಲೇಷಿಸಿದರು. ನಮ್ಮ ಜಿಲ್ಲೆಯ ಕಲ್ಲುಗಳು ಈ ಹಳೆಯ ಚರ್ಚೆಗೆ ಹೊಸ ಸಾಕ್ಷ್ಯ ಒದಗಿಸುತ್ತಿರುವುದು ಶೀರ್ಷಿಕೆಗಳು ಇಷ್ಟೊಂದು ಉಳಿದಿರುವುದರಿಂದ.

ಮಳಖೇಡ ರೋಡಿನಿಂದ ಒಂದು ಛೇದಚಿತ್ರ

ಶಿಲ್ಪದ ಮಾತು ಭೌತಶಾಸ್ತ್ರದವನಿಗೆ ಏಕೆ ಎನ್ನುವವರಿಗೆ ಈಗ ವಿಜ್ಞಾನದ್ದೇ ಆದ ಒಂದು ಚಿತ್ರ. ಕನಗನಹಳ್ಳಿಯ ಫಲಕಗಳು ಸುಣ್ಣಕಲ್ಲು ಎಂದೆವಷ್ಟೆ. ಈ ಸೀಮೆಯ ಮನೆಗಳಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲೂ, ಆದಿತ್ಯನಗರ, ವಾಡಿ, ಶಹಾಬಾದಗಳ ಸುತ್ತಲಿನ ಸಿಮೆಂಟ್ ಗಣಿಗಳ ಕಲ್ಲೂ ಸುಣ್ಣಕಲ್ಲೇ. ಭೂವಿಜ್ಞಾನಿಗಳು ಈ ಪದರಕ್ಕೆ ಶಹಾಬಾದದ ಹೆಸರನ್ನೇ ಇಟ್ಟಿದ್ದಾರೆ.

ಮಳಖೇಡ ರೋಡ್ ನಿಲ್ದಾಣದಲ್ಲಿ ರೈಲು ಹತ್ತಿ ವಾಡಿಗೆ ಹೋದರೆ ಅಲ್ಲಿಂದ ಎರಡು ದಾರಿ. ಶಹಾಬಾದ ದಾಟಿ ಕಲಬುರಗಿಯ ಕಡೆಗೆ ಹೋದಂತೆ ಹಾಸುಗಲ್ಲು ಮರೆಯಾಗಿ ಎರೆಭೂಮಿ, ಕರಿಕಲ್ಲು ಬರುತ್ತವೆ. ಅದು ದಖನ್ ಟ್ರ್ಯಾಪ್, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಗಟ್ಟಿಯಾದ ಲಾವಾ. ವಾಡಿಯಿಂದ ಇನ್ನೊಂದು ಕಡೆ, ನಾಲವಾರದ ಮೇಲೆ ಯಾದಗಿರಿಗೆ ಹೋದರೆ ಗುಂಡುಗುಂಡಾದ ಗ್ರಾನೈಟ್ ಬೆಟ್ಟಗಳು ಎದುರಾಗುತ್ತವೆ. ಯಾದಗಿರಿಯ ಕೋಟೆ ನಿಂತಿರುವುದು ಅಂಥ ಬೆಟ್ಟದ ಮೇಲೆಯೇ. ಕಿಟಕಿಯ ಬಳಿ ಕುಳಿತ ಹುಡುಗನೂ ಈ ಮೂರು ಬಗೆಯ ನೆಲವನ್ನು ಗುರುತಿಸಬಲ್ಲ.

ಈಗ ಭೂವಿಜ್ಞಾನಿ ಒಂದು ಛೇದಚಿತ್ರ ಬರೆಯುತ್ತಾನೆ, ಅಂದರೆ ನೆಲವನ್ನು ಕಲಬುರಗಿಯಿಂದ ಯಾದಗಿರಿಯವರೆಗೆ ಚಾಕುವಿನಿಂದ ಕೊಯ್ದಂತೆ ತೋರಿಸುವ ಚಿತ್ರ. ಎಲ್ಲಕ್ಕಿಂತ ಕೆಳಗೆ ಗ್ರಾನೈಟ್; ಅದರ ಮೇಲೆ ಮರಳುಗಲ್ಲು, ಜೇಡಿಗಲ್ಲುಗಳ ತೆಳುವಾದ ರಬನಪಲ್ಲಿ ಪದರ; ಅದರ ಮೇಲೆ ಸುಣ್ಣಕಲ್ಲು; ಉತ್ತರದಲ್ಲಿ ಎಲ್ಲವನ್ನೂ ಮುಚ್ಚಿರುವ ಕರಿಕಲ್ಲು. ಈ ಚಿತ್ರದ ಬಹುಭಾಗವನ್ನು ಯಾರೂ ಕಣ್ಣಿನಿಂದ ನೋಡಿಲ್ಲ. ನೋಡಿರುವುದು ಮೇಲಿನ ಒಂದು ಗೆರೆಯನ್ನು, ಗಣಿಯ ಗೋಡೆಗಳನ್ನು, ಕೆಲವು ಕೊರೆದ ಬಾವಿಗಳನ್ನು ಮಾತ್ರ. ಉಳಿದದ್ದೆಲ್ಲ ಅನುಮಾನ. ಇಲ್ಲಿ ವ್ಯಾಪ್ತಿಯನ್ನು ಕೊಟ್ಟವನು ನಿಕೋಲಾಸ್ ಸ್ಟೆನೋ, 1669ರಲ್ಲಿ: ಪದರಗಳು ಮೊದಲಿಗೆ ಮಟ್ಟವಾಗಿ ಕೂರುತ್ತವೆ, ಕೆಳಗಿನದು ಮೇಲಿನದಕ್ಕಿಂತ ಹಳೆಯದು. ಗಣಿಯ ಗೋಡೆಯಲ್ಲಿ ಪದರಗಳು ಬಹುಮಟ್ಟಿಗೆ ಸಮತಲವಾಗಿ ಕಾಣುವುದರಿಂದ ಈ ನಿಯಮ ಇಲ್ಲಿ ಅನ್ವಯಿಸುತ್ತದೆ ಎಂಬ ಧೈರ್ಯ ಬರುತ್ತದೆ. ಇಂಥ ಛೇದಚಿತ್ರ, ಭೂಪಟಗಳ 'ಭಾಷೆ' 1760ರಿಂದ 1840ರವರೆಗಿನ ಅವಧಿಯಲ್ಲಿ ಹೇಗೆ ರೂಪುಗೊಂಡಿತು ಎಂಬುದನ್ನು ಮಾರ್ಟಿನ್ ರಡ್‌ವಿಕ್ 1976ರ ಒಂದು ಲೇಖನದಲ್ಲಿ ವಿವರಿಸಿದರು. ವೈಜ್ಞಾನಿಕ ಚಿತ್ರಗಳ ಅಧ್ಯಯನದಲ್ಲಿ ಅದು ಈಗಲೂ ಮೊದಲು ಓದಬೇಕಾದ ಲೇಖನ.

ಫ್ಲೆಮಿಂಗ್ ಅವರ ಆಕ್ಷೇಪಕ್ಕೆ ಛೇದಚಿತ್ರ ಒಳ್ಳೆಯ ಉತ್ತರ. ಏಕೆಂದರೆ ಇದನ್ನು ಅಲ್ಲಗಳೆಯಬಹುದು, ಅದೂ ಇನ್ನೊಂದು ಚಿತ್ರದಿಂದ. ಗ್ರಾನೈಟೂ ಸುಣ್ಣಕಲ್ಲೂ ಅಕ್ಕಪಕ್ಕ ಕಾಣುವ ಗಡಿಯನ್ನೇ ತೆಗೆದುಕೊಳ್ಳಿ. ಸುಣ್ಣಕಲ್ಲು ಗ್ರಾನೈಟಿನ ಮೇಲೆ ಹಾಸಿ ಕುಳಿತಿರಬಹುದು. ಅಥವಾ ನೆಲ ಬಿರಿದು ಒಂದು ಮಗ್ಗುಲು ಕುಸಿದು ಎರಡೂ ಅಕ್ಕಪಕ್ಕಕ್ಕೆ ಬಂದಿರಬಹುದು. ಇದಕ್ಕೆ ಸ್ತರಭಂಗ ಎನ್ನುತ್ತಾರೆ. ಮೇಲಿನಿಂದ ಬರೆದ ಭೂಪಟದಲ್ಲಿ ಎರಡೂ ಒಂದೇ. ಛೇದಚಿತ್ರದಲ್ಲಿ ಬೇರೆ ಬೇರೆ. ಮೊದಲನೆಯದು ಸರಿಯಾದರೆ, ಗಡಿಯಿಂದ ಸುಣ್ಣಕಲ್ಲಿನ ಕಡೆಗೆ ಸರಿದಂತೆ ಗ್ರಾನೈಟ್ ಸಿಗುವ ಆಳ ಮೆಲ್ಲಮೆಲ್ಲನೆ ಹೆಚ್ಚಬೇಕು. ಎರಡನೆಯದು ಸರಿಯಾದರೆ ಗಡಿ ದಾಟಿದ ಕೂಡಲೇ ಆಳ ಒಮ್ಮೆಲೇ ಜಿಗಿಯಬೇಕು. ನಾಲ್ಕು ಬೋರ್‌ವೆಲ್ ಕೊರೆದರೆ ಗೊತ್ತಾಗುತ್ತದೆ. ಭೀಮಾ ಕಣಿವೆಯ ದಕ್ಷಿಣದ ಅಂಚಿನಲ್ಲಿ ಎರಡೂ ಬಗೆಯ ಗಡಿಗಳಿವೆ. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ಅದಿರು ಪತ್ತೆಯಾದದ್ದು ಅಂಥ ಸ್ತರಭಂಗದ ಉದ್ದಕ್ಕೆ. ಅಲ್ಲಿ ಪದರಗಳನ್ನು ತಟ್ಟೆಗಳಂತೆ ಒಂದರ ಮೇಲೊಂದು ಜೋಡಿಸಿ ಬರೆದ ಚಿತ್ರ ಎಷ್ಟು ಅಂದವಾಗಿದ್ದರೂ ತಪ್ಪು.

ಬಿಟ್ಟುಹೋದ ಬಿಂದುಗಳು

ಸನ್ನತಿಯ ಚಂದ್ರಲಾ ಪರಮೇಶ್ವರಿ ದೇವಾಲಯದ ಆವರಣದಲ್ಲಿ ಕಾಳಿಯ ಗುಡಿಯ ಚಾವಣಿ ಕುಸಿದು, ಅಶೋಕನ ಶಾಸನವಿದ್ದ ಕಲ್ಲು ಹೊರಬಿದ್ದದ್ದು 1986ರಲ್ಲಿ. ಅದೇ ವರ್ಷದ ಜನವರಿ 28ರಂದು ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್ ಹಾರಿದ 73 ಸೆಕೆಂಡುಗಳಲ್ಲಿ ಸಿಡಿದು ಏಳು ಜನ ಗಗನಯಾತ್ರಿಗಳು ಸತ್ತರು. ಎರಡಕ್ಕೂ ಸಂಬಂಧವಿಲ್ಲ. ಆದರೆ ಖಾಲಿ ಜಾಗವನ್ನು ಓದುವುದು ಎಷ್ಟು ಮುಖ್ಯ ಎಂಬುದಕ್ಕೆ ಚಾಲೆಂಜರ್‌ಗಿಂತ ಕಹಿಯಾದ ಉದಾಹರಣೆ ನನಗೆ ಗೊತ್ತಿಲ್ಲ.

ನೌಕೆಯ ಬೂಸ್ಟರ್ ರಾಕೆಟ್ಟಿನ ಕೀಲುಗಳಲ್ಲಿ ಬಿಸಿ ಅನಿಲ ಸೋರದಂತೆ ತಡೆಯಲು ರಬ್ಬರಿನ ಉಂಗುರಗಳಿದ್ದವು. ಚಳಿಯಲ್ಲಿ ಅವು ಪೆಡಸಾಗಿ ಕೆಲಸ ಕೆಡಬಹುದೆಂದು ತಯಾರಕ ಕಂಪನಿಯ ಎಂಜಿನಿಯರುಗಳು ಹಿಂದಿನ ರಾತ್ರಿಯೇ ಎಚ್ಚರಿಸಿದ್ದರು. ಆದರೆ ಹಿಂದೆ ಉಂಗುರ ಕೆಟ್ಟಿದ್ದ ಹಾರಾಟಗಳನ್ನಷ್ಟೇ ನೋಡಿದರೆ ಅವರ ಮಾತಿಗೆ ಬಲ ಬರುತ್ತಿರಲಿಲ್ಲ. ಅಂಥವು ಏಳು. ಅವುಗಳ ಕೀಲಿನ ತಾಪ, ಫ್ಯಾರನ್‌ಹೀಟ್ ಡಿಗ್ರಿಗಳಲ್ಲಿ: 53, 57, 58, 63, 70, 70, 75. ಕ್ರಮವಾಗಿ ಕೆಡಕಿನ ಘಟನೆಗಳು: 3, 1, 1, 1, 1, 1, 2. ಓದುಗರು ಗ್ರಾಫ್ ಹಾಳೆಯ ಮೇಲೆ ಈ ಏಳು ಬಿಂದುಗಳನ್ನು ಗುರುತಿಸಿ ನೋಡಲಿ. ಚಳಿಯಲ್ಲೂ ಕೆಟ್ಟಿದೆ, ಬಿಸಿಲಲ್ಲೂ ಕೆಟ್ಟಿದೆ. ತಾಪಕ್ಕೂ ಕೆಡುವುದಕ್ಕೂ ಸಂಬಂಧವಿಲ್ಲ ಎಂದೇ ಗ್ರಾಫ್ ಹೇಳುತ್ತದೆ.

ಈಗ ಏನೂ ಕೆಡದ ಹಾರಾಟಗಳನ್ನು ಸೊನ್ನೆಯ ಗೆರೆಯ ಮೇಲೆ ಗುರುತಿಸಿ: 66, 67, 67, 67, 68, 69, 70, 70, 72, 73, 75, 76, 76, 78, 79, 80, 81. ಚಿತ್ರ ತಲೆಕೆಳಗಾಗುತ್ತದೆ. 66 ಡಿಗ್ರಿ ಅಥವಾ ಅದಕ್ಕಿಂತ ಬೆಚ್ಚಗಿದ್ದ 20 ಹಾರಾಟಗಳಲ್ಲಿ ಕೆಟ್ಟದ್ದು ಮೂರು. ಅದಕ್ಕಿಂತ ತಣ್ಣಗಿದ್ದ ನಾಲ್ಕರಲ್ಲಿ ನಾಲ್ಕೂ ಕೆಟ್ಟಿವೆ. ಚಾಲೆಂಜರ್ ಹಾರಿದ ಬೆಳಗ್ಗೆ ಹೊರಗಿನ ತಾಪ ಸುಮಾರು 36 ಡಿಗ್ರಿ, ಅಂದರೆ 2 ಡಿಗ್ರಿ ಸೆಲ್ಸಿಯಸ್. ಅದು ಗ್ರಾಫಿನ ಎಡ ಅಂಚಿನಿಂದಲೂ ಬಹಳ ಆಚೆಗಿದೆ. ಅಪಘಾತದ ತನಿಖೆ ನಡೆಸಿದ ರಾಜರ್ಸ್ ಆಯೋಗ ತನ್ನ ವರದಿಯಲ್ಲಿ ಈ ಎರಡೂ ಗ್ರಾಫ್‌ಗಳನ್ನು ಪ್ರಕಟಿಸಿತು.

ಮೊದಲ ಗ್ರಾಫಿನಲ್ಲಿ ಸುಳ್ಳು ಒಂದೂ ಇಲ್ಲ. ಏಳೂ ಬಿಂದುಗಳು ಸರಿಯಾದ ಸ್ಥಾನದಲ್ಲೇ ಇವೆ. ತಪ್ಪಿದ್ದು ಬರೆಯದ ವಾಕ್ಯದಲ್ಲಿ: 'ಕೆಡದಿದ್ದ ಹಾರಾಟಗಳಿಂದ ಕಲಿಯುವುದೇನೂ ಇಲ್ಲ'. ಅಮೆರಿಕದ ಎಡ್ವರ್ಡ್ ಟಫ್ಟಿ 1997ರ ತಮ್ಮ ಪುಸ್ತಕದಲ್ಲಿ, ಆ ರಾತ್ರಿ ಎಂಜಿನಿಯರುಗಳು ಕಳಿಸಿದ 13 ಹಾಳೆಗಳಲ್ಲಿ ಒಂದೂ ತಾಪವನ್ನೂ ಹಾನಿಯನ್ನೂ ಪೂರ್ತಿಯಾಗಿ ಎದುರುಬದುರು ಇಡಲಿಲ್ಲ ಎಂದು ಕಟುವಾಗಿ ಟೀಕಿಸಿದರು. ಇದಕ್ಕೆ ಉತ್ತರವೂ ಬಂತು. ಆ ಎಂಜಿನಿಯರುಗಳಲ್ಲಿ ಒಬ್ಬರಾದ ರೋಜರ್ ಬೋಯ್ಸ್‌ಜೋಲಿ ಮತ್ತಿತರರು 2002ರಲ್ಲಿ ಬರೆದ ಲೇಖನದಲ್ಲಿ, ಆ ರಾತ್ರಿ ತಮ್ಮ ಕೈಯಲ್ಲಿ ಎಲ್ಲ ತಾಪಗಳೂ ಇರಲಿಲ್ಲ, ಟಫ್ಟಿ ಗಾಳಿಯ ತಾಪವನ್ನೂ ಉಂಗುರದ ತಾಪವನ್ನೂ ಬೆರೆಸಿಕೊಂಡಿದ್ದಾರೆ ಎಂದು ತೋರಿಸಿದರು. ಟಫ್ಟಿಯವರ ಪುಸ್ತಕ ಚೆನ್ನಾಗಿದೆ, ಆದರೆ ಈ ಉತ್ತರವನ್ನೂ ಓದದೆ ಎಂಜಿನಿಯರುಗಳನ್ನು ದೂರಬಾರದು. ಎಲ್ಲ ಗೊತ್ತಾದ ಮೇಲೆ ಸರಿಯಾದ ಗ್ರಾಫ್ ಎಳೆಯುವುದು ಸುಲಭ.

ಎರಡೇ ಕಿರಣಗಳು

ಕೊನೆಗೆ ನಮ್ಮ ತರಗತಿಯ ಚಿತ್ರಕ್ಕೇ ಬರೋಣ. ಪೀನ ಮಸೂರದಿಂದ ಸತ್ಯ ಪ್ರತಿಬಿಂಬ ಉಂಟಾಗುವುದನ್ನು ತೋರಿಸುವ ರೇಖಾಚಿತ್ರವನ್ನು ಪ್ರೌಢಶಾಲೆಯ ಪ್ರತಿ ವಿದ್ಯಾರ್ಥಿಯೂ ಬರೆಯುತ್ತಾನೆ. ವಸ್ತುವಿನ ತುದಿಯಿಂದ ಎರಡು ಕಿರಣಗಳು: ಒಂದು ಪ್ರಧಾನಾಕ್ಷಕ್ಕೆ ಸಮಾಂತರವಾಗಿ ಹೋಗಿ ಸಂಗಮ ಬಿಂದುವಿನ ಮೂಲಕ ಹಾಯುತ್ತದೆ, ಇನ್ನೊಂದು ಮಸೂರದ ಮಧ್ಯದಿಂದ ಬಾಗದೆ ಸಾಗುತ್ತದೆ. ಅವು ಕೂಡುವಲ್ಲಿ ಪ್ರತಿಬಿಂಬ. 'ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ' ಎಂದು ನಾವು ಕೇಳುತ್ತೇವೆ, ಅಂದಕ್ಕೂ ಗುರುತಿಗೂ ಅಂಕ ಕೊಡುತ್ತೇವೆ. ಉತ್ತರಪತ್ರಿಕೆಗಳನ್ನು ತಿದ್ದುತ್ತ ನಾನೂ ವರ್ಷಗಟ್ಟಲೆ ಹಾಗೆಯೇ ಕೊಟ್ಟಿದ್ದೇನೆ. ಆದರೆ ಈ ಚಿತ್ರ ಹೂವಿನ ಭಾಗಗಳ ಚಿತ್ರದಂತಲ್ಲ. ಇದೊಂದು ಸಾಧನೆ. ವಸ್ತು ಇಲ್ಲಿದ್ದರೆ ಪ್ರತಿಬಿಂಬ ಅಲ್ಲಿಯೇ ಇರಬೇಕು ಎಂದು ಇದು ವಾದಿಸುತ್ತದೆ, ಪರದೆ ಹಿಡಿದು ಅದನ್ನು ಪರೀಕ್ಷಿಸಬಹುದು.

ಈಗ ವಿದ್ಯಾರ್ಥಿಗಳನ್ನು ಕೇಳಿ: ಮಸೂರದ ಮೇಲಿನ ಅರ್ಧಭಾಗವನ್ನು ರಟ್ಟಿನಿಂದ ಮುಚ್ಚಿದರೆ ಪರದೆಯ ಮೇಲಿನ ಪ್ರತಿಬಿಂಬ ಏನಾಗುತ್ತದೆ? 1987ರಲ್ಲಿ ಫ್ರೆಡ್ ಗೋಲ್ಡ್‌ಬರ್ಗ್ ಮತ್ತು ಲಿಲಿಯನ್ ಮ್ಯಾಕ್‌ಡರ್ಮಟ್ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಲ್ಲಿ ಅನೇಕರು, ಪಾಠ ಮುಗಿದ ಮೇಲೂ, ಪ್ರತಿಬಿಂಬದ ಅರ್ಧಭಾಗ ಮಾಯವಾಗುತ್ತದೆ ಎಂದರು. ನಮ್ಮ ತರಗತಿಗಳಲ್ಲಿಯೂ ಹೆಚ್ಚಾಗಿ ಬರುವ ಉತ್ತರ ಅದೇ. ಅವರು ದಡ್ಡರಲ್ಲ. ಚಿತ್ರವನ್ನು ನಿಷ್ಠೆಯಿಂದ ಓದಿದ್ದಾರೆ. ಚಿತ್ರದಲ್ಲಿ ಸಮಾಂತರ ಕಿರಣ ಮಸೂರದ ಮೇಲ್ಭಾಗವನ್ನು ಮುಟ್ಟುತ್ತದೆ. ಮೇಲ್ಭಾಗ ಮುಚ್ಚಿದರೆ ಆ ಕಿರಣ ಇಲ್ಲ. ಆ ಕಿರಣ ಇಲ್ಲದಿದ್ದರೆ ತುದಿಯ ಪ್ರತಿಬಿಂಬ ಇಲ್ಲ. ತರ್ಕ ಸರಿಯಾಗಿಯೇ ಇದೆ. ಅವರಿಗೆ ಯಾರೂ ಹೇಳದ ವಾಕ್ಯ ಒಂದಿದೆ: ವಸ್ತುವಿನ ಪ್ರತಿಯೊಂದು ಬಿಂದುವಿನಿಂದಲೂ ಮಸೂರದ ಎಲ್ಲ ಭಾಗಕ್ಕೂ ಲೆಕ್ಕವಿಲ್ಲದಷ್ಟು ಕಿರಣಗಳು ಹೋಗುತ್ತವೆ, ಅವೆಲ್ಲವೂ ಒಂದೇ ಬಿಂದುವಿನಲ್ಲಿ ಕೂಡುತ್ತವೆ, ನಾವು ಎರಡನ್ನು ಎಳೆಯುವುದು ಅವುಗಳ ದಾರಿ ಲೆಕ್ಕಹಾಕಲು ಸುಲಭ ಎಂಬುದಕ್ಕೆ ಮಾತ್ರ.

ಪ್ರಯೋಗಕ್ಕೆ ಹೆಚ್ಚಿನ ಸಲಕರಣೆ ಬೇಡ. ಸುಮಾರು 15 ಸೆಂ.ಮೀ. ಸಂಗಮ ದೂರದ ಒಂದು ಮಸೂರ, ಮೇಣದ ಬತ್ತಿ, ಬಿಳಿ ರಟ್ಟು. ಕೋಣೆ ಕತ್ತಲಾಗಿರಲಿ. ಬತ್ತಿಯನ್ನು ಮಸೂರದಿಂದ ಸುಮಾರು 30 ಸೆಂ.ಮೀ. ದೂರ ಇಟ್ಟರೆ ಆಚೆ ಬದಿಯಲ್ಲಿಯೂ ಅಷ್ಟೇ ದೂರದಲ್ಲಿ ಜ್ವಾಲೆ ತಲೆಕೆಳಗಾಗಿ ಅಷ್ಟೇ ಗಾತ್ರದಲ್ಲಿ ಮೂಡುತ್ತದೆ. ಮೊದಲು ಎಲ್ಲರೂ ತಮ್ಮ ಊಹೆಯನ್ನು ಬರೆದಿಡಲಿ. ಆಮೇಲೆ ಮಸೂರದ ಮೇಲಿನ ಅರ್ಧಕ್ಕೆ ರಟ್ಟು ಹಿಡಿಯಿರಿ. ಪರದೆಯ ಮೇಲೆ ಜ್ವಾಲೆ ಪೂರ್ತಿಯಾಗಿಯೇ ಉಳಿಯುತ್ತದೆ, ಸ್ವಲ್ಪ ಮಂಕಾಗುತ್ತದೆ ಅಷ್ಟೇ. ರಟ್ಟನ್ನು ಕೆಳಗಿನ ಅರ್ಧಕ್ಕೆ ಹಿಡಿದರೂ ಹಾಗೆಯೇ. ನಂತರ ಅದೇ ಹಳೆಯ ರೇಖಾಚಿತ್ರದಲ್ಲಿ ವಸ್ತುವಿನ ತುದಿಯಿಂದ ಮಸೂರದ ಕೆಳ ಅಂಚಿಗೆ ಹೋಗುವ ಮೂರನೆಯ ಕಿರಣವನ್ನು ಎಳೆಯಲು ಹೇಳಿ. ಅದು ಎಲ್ಲಿಗೆ ಹೋಗಬೇಕು ಎಂದು ತರಗತಿಯಲ್ಲಿ ಚರ್ಚೆ ಶುರುವಾಗುತ್ತದೆ. ಆಗ ಉತ್ತರ ಹೇಳುವ ಅವಸರ ಮಾಡಬೇಡಿ.